ಹಾಕ್‌ಫಿಶ್ ಸಾಕೋದು ಹೇಗೆ: ಸುಮ್ನೆ ಕೂತಿರೋ ಬೇಟೆಗಾರನ ಜೊತೆ ಏಗೋ ದಾರಿ

ಸಾಲ್ಟ್‌ವಾಟರ್ ಟ್ಯಾಂಕ್ ಇಟ್ಟವ್ರು ಒಂದಲ್ಲ ಒಂದಿನ ಅಂಗಡೀಲಿ ಹಾಕ್‌ಫಿಶ್ ನೋಡೇ ನೋಡ್ತಾರೆ. ಬೆರಳುದ್ದದ ಮೀನು, ಕಲ್ಲಿನ ಮೇಲೆ ಎರಡೂ ರೆಕ್ಕೆ ಊರ್ಕೊಂಡು ಕೂತು ನಮ್ಮನ್ನೇ ದಿಟ್ಟಿಸ್ತಾ ಇರುತ್ತೆ, ಮೈ ಅಲ್ಲಾಡಲ್ಲ, ಕಣ್ಣು ಮಾತ್ರ ಆ ಕಡೆ ಈ ಕಡೆ ತಿರುಗ್ತಾ ಇರುತ್ತೆ, ಅಯ್ಯೋ ಎಷ್ಟು ಮುದ್ದಾಗಿದೆ ಅಂತ ತಂದು ಬಿಟ್ಬಿಡ್ತಾರೆ. ಆಮೇಲೆ ಶುರು. ನನ್ನ ಕ್ಲೀನರ್ ಶ್ರಿಂಪ್ (ಮೀನುಗಳ ಮೈ ಕ್ಲೀನ್ ಮಾಡೋ ಸೀಗಡಿ) ಕಾಣ್ತಿಲ್ಲ, ಮೀನು ಈಜೋದೇ ಇಲ್ಲ ಕಾಯಿಲೆ ಏನಾದ್ರೂ ಬಂತಾ, ಬೆಳಗ್ಗೆ ಎದ್ದು ನೋಡಿದ್ರೆ ನೆಲದ ಮೇಲೆ ಬಿದ್ದಿತ್ತು, ಹೀಗೆ ಒಂದರ ಹಿಂದೆ ಒಂದು. ಇದೆಲ್ಲ ಮೀನಿನ ತಪ್ಪಲ್ಲ ಸ್ವಾಮಿ, ಅದು ರೀಫ್‌ನಲ್ಲಿ, ಅಂದ್ರೆ ಕಡಲ ಹವಳದ ದಿಬ್ಬಗಳಲ್ಲಿ, ಹೊಟ್ಟೆ ಹೊರೆಯೋ ರೀತಿನೇ ಹಂಗೆ. ಆ ರೀತಿ ಏನು ಅಂತ ಮೊದ್ಲೇ ತಿಳ್ಕೊಂಡು ಟ್ಯಾಂಕ್ ರೆಡಿ ಮಾಡಿದ್ರೆ ಇಷ್ಟು ಗಟ್ಟಿ, ಇಷ್ಟು ಸಲೀಸಾದ ಇನ್ನೊಂದು ರೀಫ್ ಮೀನು ಸಿಗೋದು ಕಷ್ಟ ಅಂತ ನನ್ನ ಅಭಿಪ್ರಾಯ.

ಮೈಕಟ್ಟಿಂದ ಶುರು ಮಾಡೋಣ. ಬಹಳಷ್ಟು ಮೀನುಗಳ ಹೊಟ್ಟೆಯೊಳಗೆ ಗಾಳಿ ತುಂಬಿರೋ ಈಜುಚೀಲ ಇರುತ್ತೆ, ಅದ್ರಿಂದಾನೇ ಅವು ನೀರಿನ ಮಧ್ಯದಲ್ಲಿ ಕಷ್ಟ ಇಲ್ದೆ ತೇಲ್ಕೊಂಡು ನಿಲ್ತಾವೆ. ಹಾಕ್‌ಫಿಶ್‌ಗೆ ಅದು ಇಲ್ಲ. ಈಜೋದು ನಿಲ್ಲಿಸಿದ ತಕ್ಷಣ ಕೆಳಗಿಳಿಯುತ್ತೆ ಅಷ್ಟೇ. ಅದಕ್ಕೆ ತಕ್ಕ ಹಾಗೆ ಎದೆ ಪಕ್ಕದ ರೆಕ್ಕೆಗಳ ಕೆಳಗಿನ ಕಡ್ಡಿಗಳು ದಪ್ಪ ದಪ್ಪಗೆ, ಕವಲೊಡೀದೆ ಬೆಳೆದಿರ್ತವೆ, ಅವನ್ನೇ ಊರ್ಕೊಂಡು ಹವಳದ ಮೇಲೆ ಕೂರೋದು, ನೀರಿನ ಸೆಳೆತ ಜೋರಿದ್ರೂ ಜಾರದೆ ಕೂತಿರುತ್ತೆ. ಬೆನ್ನಿನ ರೆಕ್ಕೆಯಲ್ಲಿ ಹತ್ತು ಮುಳ್ಳು ಇರ್ತವೆ, ಅವುಗಳ ತುದೀಲಿ ಸಣ್ಣ ಸಣ್ಣ ಕುಚ್ಚು. ಗಾಜಿಗೆ ಮೂಗು ತಾಗಿಸಿ ನೋಡಿದ್ರೆ ಚೆನ್ನಾಗಿ ಕಾಣುತ್ತೆ, ಗುರುತು ಹಿಡಿಯೋಕೆ ಇದಕ್ಕಿಂತ ಸುಲಭದ ಗುರುತು ಇಲ್ಲ.

ಈ ಕುಟುಂಬದಲ್ಲಿ ಮೂವತ್ತಕ್ಕಿಂತ ಹೆಚ್ಚು ಜಾತಿಗಳಿವೆ, ಎಲ್ಲಾ ಟ್ಯಾಂಕ್‌ಗೆ ಬರಲ್ಲ. ಪೂರ್ವ ಪೆಸಿಫಿಕ್‌ನ ಜೈಂಟ್ ಹಾಕ್‌ಫಿಶ್ ಅರ್ಧ ಮೀಟರ್ ದಾಟುತ್ತೆ, ಅದರ ಮಾತು ಬಿಡಿ. ಸಾಕೋರ ಕೈಗೆ ಸಾಮಾನ್ಯವಾಗಿ ಸಿಗೋದು ನಾಲ್ಕೈದು ಬಗೆ. ಫ್ಲೇಮ್ ಹಾಕ್‌ಫಿಶ್ ಅಂದ್ರೆ ಕೆಂಡದಂಥ ಕೆಂಪು, ಬೆನ್ನಿನ ಮೇಲೆ ಉದ್ದಕ್ಕೂ ಕಪ್ಪು ಪಟ್ಟಿ, ಕಣ್ಣಿನ ಸುತ್ತ ಕಾಡಿಗೆ ತೀಡಿದ ಹಾಗೆ ಕಪ್ಪು, ಬೆಳೆದ್ರೆ 9 ಸೆಂಟಿಮೀಟರ್. ಜಪಾನಿನ ರ್ಯೂಕ್ಯೂ ದ್ವೀಪಗಳಿಂದ ಹಿಡಿದು ಗ್ರೇಟ್ ಬ್ಯಾರಿಯರ್ ರೀಫ್‌ವರೆಗೆ, ಪೂರ್ವಕ್ಕೆ ಪೆಸಿಫಿಕ್ ಮಧ್ಯದ ಲೈನ್ ದ್ವೀಪಗಳ ತನಕ ಇದರ ವಾಸ, ಪೋಸಿಲ್ಲೋಪೋರಾ ಅನ್ನೋ ಪೊದೆ ಥರದ ಹವಳದ ಕವಲುಗಳ ನಡುವೆ ಸೇರ್ಕೊಂಡಿರುತ್ತೆ. ಲಾಂಗ್‌ನೋಸ್ ಹಾಕ್‌ಫಿಶ್ ಬಿಳಿ ಮೈ ಮೇಲೆ ಕೆಂಪು ಚೌಕಳಿ, ಉದ್ದ ಮೂತಿ, 13 ಸೆಂಟಿಮೀಟರ್ ತನಕ ಬೆಳೆಯುತ್ತೆ, ಕೆಂಪು ಸಮುದ್ರದಿಂದ ಅಮೆರಿಕದ ಪಶ್ಚಿಮ ತೀರದ ಪನಾಮಾ ತನಕ ಇದೆ, ಆದ್ರೆ ಸ್ವಲ್ಪ ಆಳದವನು, 10 ರಿಂದ 100 ಮೀಟರ್ ಒಳಗೆ ಬೀಸಣಿಗೆ ಹವಳ, ಕಪ್ಪು ಹವಳದ ಮೇಲೆ ಕೂತಿರುತ್ತೆ. ಅಷ್ಟು ಆಳದಿಂದ ಮೇಲೆ ತರುವಾಗ ಬೇರೆ ಮೀನುಗಳಿಗೆ ಈಜುಚೀಲ ಊದ್ಕೊಂಡು ಪ್ರಾಣಕ್ಕೇ ಬರುತ್ತೆ, ಇದಕ್ಕೆ ಚೀಲಾನೇ ಇಲ್ವಲ್ಲ, ಆ ತಲೆನೋವು ಇಲ್ಲ. ಆರ್ಕ್‌ಐ ಹಾಕ್‌ಫಿಶ್ ಕಣ್ಣಿನ ಹಿಂದೆ ಕಿತ್ತಳೆ ಬಣ್ಣದ ಲಾಳದಂಥ ಗುರುತು ಇರೋದು. ಇನ್ನು ಮುಖದ ತುಂಬ ಚುಕ್ಕೆ ಇರೋ ಫ್ರೆಕಲ್ಡ್ ಹಾಕ್‌ಫಿಶ್ 22 ಸೆಂಟಿಮೀಟರ್ ತನಕ ಹೋಗುತ್ತೆ, ಬಾಯೂ ಅಷ್ಟೇ ದೊಡ್ಡದು, ಮರಿ ಇದ್ದಾಗ ನೋಡಿ ಮೋಸ ಹೋಗ್ಬೇಡಿ, ಅದು ಚಿಕ್ಕ ಮೀನುಗಳನ್ನ ಇಡಿಯಾಗಿ ನುಂಗೋ ಆಸಾಮಿ. ಫಾಲ್ಕೊ ಹಾಕ್‌ಫಿಶ್ ಎಲ್ಲಕ್ಕಿಂತ ಪುಟ್ಟದು, 7 ಸೆಂಟಿಮೀಟರ್ ಅಷ್ಟೇ. ಮೊದಲ ಸಲ ಸಾಕೋರಿಗೆ ನಾನಾದ್ರೆ ಫ್ಲೇಮ್ ಇಲ್ಲ ಲಾಂಗ್‌ನೋಸ್ ಅಂತೀನಿ.

ಈಗ ಇದು ಬೇಟೆ ಆಡೋ ರೀತಿ. ಇದು ಓಡಿಸ್ಕೊಂಡು ಹೋಗಿ ಹಿಡಿಯೋ ಮೀನಲ್ಲ, ಹೊಂಚು ಹಾಕೋ ಮೀನು. ಸುತ್ತ ಚೆನ್ನಾಗಿ ಕಾಣೋ ಎತ್ತರದ ಜಾಗ ಹುಡುಕಿ ಕೂರುತ್ತೆ, ಸ್ವಲ್ಪ ಹೊತ್ತು ಬಿಟ್ಟು ಚಿಮ್ಮಿ ಇನ್ನೊಂದು ಕಡೆ ಕೂರುತ್ತೆ, ಮತ್ತೆ ಮೊದಲ್ನೇ ಜಾಗಕ್ಕೆ. ಕಾಯಂ ಸೀಟು ನಾಲ್ಕೈದು ಇರ್ತವೆ, ದಿನಾ ಅದೇ ರೂಟು. ಸೀಗಡಿ, ಸಣ್ಣ ಏಡಿ, ಮರಿ ಮೀನು ಇವು ಹತ್ರ ಸುಳಿದಾಗ ನೋಡ್ಬೇಕು ನೀವು. ಮೊದ್ಲು ಎರಡೂ ಕಣ್ಣು ಒಂದೇ ಕಡೆ ನಿಲ್ತವೆ, ಆಮೇಲೆ ತಲೆ ಮೆಲ್ಲಗೆ ಆ ಕಡೆ ತಿರುಗುತ್ತೆ, ಬೆನ್ನಿನ ಮುಳ್ಳು ಎದ್ದು ಮತ್ತೆ ಮಡಚ್ಕೊಳ್ಳುತ್ತೆ, ಆಮೇಲೆ ಫಟ್ ಅಂತ ಒಂದೇ ಏಟಿಗೆ ಹೋಗಿ ಬಾಯಿಗೆ ಹಾಕ್ಕೊಂಡು ವಾಪಸ್ ಬಂದು ಅದೇ ಜಾಗದಲ್ಲಿ ಏನೂ ಆಗೇ ಇಲ್ಲ ಅನ್ನೋ ಥರ ಕೂತ್ಬಿಡುತ್ತೆ. ಪಕ್ಕದಲ್ಲಿರೋ ಮೀನಿಗೂ ಗೊತ್ತಾಗಿರಲ್ಲ. ಲಾಂಗ್‌ನೋಸ್ ಬಾಯಿ ಚಿಕ್ಕದು, ಆದ್ರೂ ಸುಮ್ನಿರಲ್ಲ, ಬಾಯಿಗಿಂತ ದೊಡ್ಡ ಸೀಗಡಿ ಸಿಕ್ಕಿದ್ರೆ ಕಚ್ಕೊಂಡು ಕಲ್ಲಿಗೆ ಬಡಿದು ಬಡಿದು ತುಂಡು ಮಾಡಿ ತಿನ್ನುತ್ತೆ.

ಈ ಬೇಟೆ ಹೀಗಿರೋದ್ರಿಂದಾನೇ ಟ್ಯಾಂಕ್ ಒಳಗೆ ಕಲ್ಲು ಜೋಡಿಸೋದು ಇಲ್ಲಿ ಮುಖ್ಯ, ನೀರಿನ ಲೀಟರ್ ಲೆಕ್ಕಕ್ಕಿಂತಾನೂ ಮುಖ್ಯ ಅಂತೀನಿ. ಲೀಟರ್ ಲೆಕ್ಕ ಬೇಕೇ ಬೇಕು ಅನ್ನೋರಿಗೆ: ಫ್ಲೇಮ್, ಫಾಲ್ಕೊ, ಲಾಂಗ್‌ನೋಸ್‌ಗೆ ಕಮ್ಮಿ ಅಂದ್ರೂ 120 ಲೀಟರ್, ಆರ್ಕ್‌ಐ, ಫ್ರೆಕಲ್ಡ್ ಆದ್ರೆ 250 ಲೀಟರ್ ಮೇಲೆ ಇಟ್ಕೊಳ್ಳಿ. ಲೈವ್ ರಾಕನ್ನ, ಅಂದ್ರೆ ಬ್ಯಾಕ್ಟೀರಿಯಾ ಮನೆ ಮಾಡಿರೋ ರೀಫ್ ಕಲ್ಲನ್ನ, ಗೋಡೆ ಕಟ್ಟಿದ ಹಾಗೆ ಒತ್ತೊತ್ತಾಗಿ ಪೇರಿಸ್ಬೇಡಿ, ಅಲ್ಲೊಂದು ಇಲ್ಲೊಂದು ಎತ್ತರದ ತುದಿ, ಮುಂದಕ್ಕೆ ಚಾಚಿಕೊಂಡಿರೋ ಚಪ್ಪಡಿ, ಹಿಂದೆ ನುಸುಳೋಕೆ ಸಂದು, ಇಷ್ಟು ಇರ್ಲಿ. ಕೂತ ಜಾಗದಿಂದ ಇನ್ನೊಂದು ಜಾಗ ಕಾಣ್ಬೇಕು, ಹಂಗೇ ಬೇರೆ ಮೀನುಗಳಿಗೆ ಇದರ ಕಣ್ಣಿಗೆ ಬೀಳದ ಮೂಲೆನೂ ಇರ್ಬೇಕು, ಇಲ್ಲಾಂದ್ರೆ ಇಡೀ ಟ್ಯಾಂಕೇ ಇದರ ಜಮೀನು ಆಗೋಗುತ್ತೆ. ಕಲ್ಲು ಅಲ್ಲಾಡ್ಬಾರ್ದು, ಮರಳಿನ ಮೇಲೆ ಇಡೋ ಬದಲು ತಳದ ಗಾಜಿನ ಮೇಲೇ ಇಟ್ಟು ಆಮೇಲೆ ಸುತ್ತ ಮರಳು ಹಾಕಿ.

ನೀರು ಮಾಮೂಲಿ ರೀಫ್ ಟ್ಯಾಂಕ್ ನೀರೇ. 24 ರಿಂದ 26 ಡಿಗ್ರಿ, ಸ್ಪೆಸಿಫಿಕ್ ಗ್ರಾವಿಟಿ (ನೀರಿನ ಉಪ್ಪಿನಂಶ ತೋರಿಸೋ ಅಳತೆ) 1.024 ರಿಂದ 1.026, ಪಿಎಚ್ 8.1 ರಿಂದ 8.4, ಅಮೋನಿಯಾ ನೈಟ್ರೈಟ್ ಎರಡೂ ಸೊನ್ನೆ. ಮಾಂಸ ತಿನ್ನೋ ಮೀನು ಆದ್ರಿಂದ ಗಲೀಜು ಜಾಸ್ತಿ, ನೊರೆ ಎಬ್ಬಿಸಿ ಅದನ್ನ ತೆಗೆಯೋ ಸ್ಕಿಮ್ಮರ್ ಒಂದು ಒಳ್ಳೇದು ಹಾಕ್ಕೊಳ್ಳಿ, ನೈಟ್ರೇಟ್ 20 ಪಿಪಿಎಂ ದಾಟದ ಹಾಗೆ ನೋಡ್ಕೊಳ್ಳಿ. ಹೊಸ ಟ್ಯಾಂಕ್ ಆದ್ರೆ ಸೈಕಲ್, ಅಂದ್ರೆ ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ ಬೆಳೆಯೋ ಹಂತ, ಮುಗೀದೆ ಮೀನು ಬಿಡ್ಬೇಡಿ, ಹಾಕ್‌ಫಿಶ್ ಗಟ್ಟಿ ಮೀನು ತಡ್ಕೊಳ್ಳುತ್ತೆ ಅಂತ ಅದನ್ನೇ ಹಾಕಿ ಸೈಕಲ್ ಮಾಡೋ ಐಡಿಯಾ ಕೊಡೋರಿದ್ದಾರೆ, ಅದು ಬರೀ ಹಿಂಸೆ.

ಮುಚ್ಚಳ! ದಯವಿಟ್ಟು ಮುಚ್ಚಳ ಹಾಕಿ. ಇಡೀ ದಿನ ಕಲ್ಲಿನ ಥರ ಕೂತಿರೋ ಮೀನು ಎಲ್ಲಿ ಹಾರುತ್ತೆ ಅನ್ಕೊಳ್ತೀರ, ಆದ್ರೆ ಚಿಮ್ಮೋದೇ ಅದರ ಕಸುಬು, ರಾತ್ರಿ ಲೈಟ್ ಥಟ್ ಅಂತ ಆಫ್ ಆದ್ರೆ ಇಲ್ಲ ಬೇರೆ ಮೀನು ಅಟ್ಟಿಸ್ಕೊಂಡು ಬಂದ್ರೆ ಆ ಚಿಮ್ಮು ನೇರ ಮೇಲಕ್ಕೇ ಹೋಗುತ್ತೆ. ಗಾಜಿನ ಮುಚ್ಚಳಕ್ಕಿಂತ ಸಣ್ಣ ಕಣ್ಣಿನ ಮೆಶ್ ಒಳ್ಳೇದು, ಗಾಳಿ ಆಡುತ್ತೆ. ಪೈಪು ವೈರು ಹೋಗೋ ಸಂದೂ ಮುಚ್ಚಿ, ಜನ ಅದನ್ನೇ ಮರೆಯೋದು.

ಜೊತೆಗಾರರ ವಿಷಯಕ್ಕೆ ಬರೋಣ, ಜಾಸ್ತಿ ಕಣ್ಣೀರು ಇಲ್ಲೇ. ಒಂದು ಮಾತು ತಲೇಲಿ ಇರ್ಲಿ, ಬಾಯಲ್ಲಿ ಹಿಡಿಸೋದೆಲ್ಲ ಊಟ. ಸೆಕ್ಸಿ ಶ್ರಿಂಪ್, ಪೆಪ್ಪರ್‌ಮಿಂಟ್ ಶ್ರಿಂಪ್ ಇಂಥ ಪುಟ್ಟ ಸೀಗಡಿ ಇಟ್ಕೊಂಡು ಹಾಕ್‌ಫಿಶ್ ತರೋದು ಬೆಕ್ಕಿಗೆ ಹಾಲು ಕಾಯೋಕೆ ಹೇಳಿದಂಗೆ. ಕ್ಲೀನರ್ ಶ್ರಿಂಪ್ ದೊಡ್ಡದಿದ್ದು ಹಾಕ್‌ಫಿಶ್‌ಗಿಂತ ಮೊದ್ಲೇ ಟ್ಯಾಂಕಲ್ಲಿ ಸೆಟ್ಲ್ ಆಗಿದ್ರೆ ಕೆಲವು ಸಲ ಉಳ್ಕೊಳ್ಳುತ್ತೆ, ನಮ್ದರಲ್ಲಿ ಏನೂ ಮಾಡಲ್ಲ ಅಂತ ಜನ ಹೇಳೋದು ಅದನ್ನೇ. ಆದ್ರೆ ಸೀಗಡಿ ಆಗಾಗ ಚಿಪ್ಪು ಕಳಚುತ್ತಲ್ಲ, ಆಗ ಒಂದೆರಡು ದಿನ ಮೈ ಮೆತ್ತಗಿರುತ್ತೆ, ತಿಂಗಳುಗಟ್ಟಲೆ ಪಕ್ಕದಲ್ಲೇ ಕೂತಿದ್ದ ಮೀನು ಅವತ್ತೇ ಬಾಯಿ ಹಾಕೋದು. ಗಾಜಿನ ಹತ್ರ ಬಿದ್ದಿರೋ ಖಾಲಿ ಚಿಪ್ಪು ನೋಡಿ ಸೀಗಡಿ ಚಿಪ್ಪು ಬದಲಾಯಿಸಿದೆ ಅಂತ ಖುಷಿ ಪಡೋ ಮುಂಚೆ ಟ್ಯಾಂಕ್ ಒಳಗೆ ಸೀಗಡಿ ಇದೆಯಾ ಅಂತ ಒಂದ್ಸಲ ಹುಡುಕಿ. ಕೋರಲ್ ಬ್ಯಾಂಡೆಡ್ ಶ್ರಿಂಪ್ ಉದ್ದ ಕೊಂಡಿ ಬೀಸ್ತಾ ಇರೋದ್ರಿಂದ ಅದಕ್ಕೆ ಸ್ವಲ್ಪ ಚಾನ್ಸ್ ಜಾಸ್ತಿ. ಪುಟ್ಟ ಹರ್ಮಿಟ್ ಏಡಿಗಳ ಆಸೆ ಬಿಡಿ, ಟರ್ಬೋ ಥರ ದಪ್ಪ ಚಿಪ್ಪಿನ ದೊಡ್ಡ ಬಸವನಹುಳುಗಳಿಗೆ ಸಾಮಾನ್ಯವಾಗಿ ತೊಂದ್ರೆ ಇಲ್ಲ.

ಮೀನುಗಳಲ್ಲಿ ಸಣ್ಣ ಗೋಬಿ, ಫೈರ್‌ಫಿಶ್, ಚಿಕ್ಕ ಕ್ರೋಮಿಸ್ ಬೇಡವೇ ಬೇಡ. ಫೈರ್‌ಫಿಶ್ ಮೊದ್ಲೇ ಪುಕ್ಕಲು, ಹಾಕ್‌ಫಿಶ್ ಎರಡು ಸಲ ಹೆದರಿಸಿದ್ರೆ ಸಾಕು, ಬಿಲ ಬಿಟ್ಟು ಹೊರಗೇ ಬರಲ್ಲ, ಉಪವಾಸ ಬೀಳುತ್ತೆ, ಇಲ್ಲಾಂದ್ರೆ ಟ್ಯಾಂಕಿಂದ ಹಾರುತ್ತೆ. ಟ್ಯಾಂಗ್, ರ‍್ಯಾಬಿಟ್‌ಫಿಶ್, ಡ್ವಾರ್ಫ್ ಏಂಜೆಲ್, ಸ್ವಲ್ಪ ದಪ್ಪನೆ ರಾಸ್, ಸಮ ಸೈಜಿನ ಕ್ಲೌನ್ ಮೀನು ಇವೆಲ್ಲ ಸರಿಹೋಗುತ್ತೆ, ಇದರ ದಾದಾಗಿರಿಗೆ ಅವು ಸೊಪ್ಪು ಹಾಕಲ್ಲ. ಡಾಟಿಬ್ಯಾಕ್ ಕೂಡ ಇದೇ ಥರ ಸಂದು ಕಾಯೋ ಜಗಳಗಂಟ, ಚಿಕ್ಕ ಟ್ಯಾಂಕಲ್ಲಿ ಎರಡೂ ಇದ್ರೆ ದಿನಾ ಕುರುಕ್ಷೇತ್ರ. ಇನ್ನೊಂದು ಕಡೆ ಲಯನ್‌ಫಿಶ್, ಗ್ರೂಪರ್ ಇರೋ ಟ್ಯಾಂಕಿಗೆ ಫ್ಲೇಮ್ ಬಿಟ್ರೆ ಬೇಟೆಗಾರನೇ ಬೇಟೆ ಆಗ್ತಾನೆ. ಏನೇ ಇರ್ಲಿ, ಹಾಕ್‌ಫಿಶ್ ಕೊನೇಗೆ ಬಿಡಿ. ಮೊದ್ಲೇ ಬಿಟ್ರೆ ಆಮೇಲೆ ಬರೋ ಪ್ರತಿ ಮೀನಿನ ಹತ್ರಾನೂ ಬಾಡಿಗೆ ವಸೂಲಿಗೆ ನಿಲ್ಲುತ್ತೆ.

ಹವಳ ಹಾಳು ಮಾಡುತ್ತಾ ಅಂತ ತುಂಬಾ ಜನ ಕೇಳ್ತಾರೆ. ಹವಳ ತಿನ್ನಲ್ಲ. ಮೇಲೆ ಕೂರುತ್ತೆ ಅಷ್ಟೇ. ಪೋಸಿಲ್ಲೋಪೋರಾ, ಸ್ಟೈಲೋಫೋರಾ ಥರ ಗಟ್ಟಿ ಕವಲು ಹವಳಗಳಿಗೆ ಅದೇನೂ ಅಲ್ಲ, ಮೀನಿನ ಹಿಕ್ಕೆಯಿಂದ ಒಂಚೂರು ಪೋಷಣೆನೇ ಸಿಗುತ್ತೆ. ಮಾಂಸಲವಾಗಿ ಉಬ್ಬಿಕೊಂಡಿರೋ ಹವಳದ ಮೇಲೆ ದಿನಾ ಹೋಗಿ ಕೂತ್ರೆ ಮಾತ್ರ ಅದು ಮುದುಡ್ಕೊಂಡೇ ಇರುತ್ತೆ, ಅಂಥದ್ದನ್ನ ತಗ್ಗಿನಲ್ಲಿ ಇಟ್ಟು ಮೇಲೆ ಬೇರೆ ಸೀಟು ಮಾಡ್ಕೊಡಿ, ತಾನಾಗೇ ಅಲ್ಲಿಗೆ ಶಿಫ್ಟ್ ಆಗುತ್ತೆ.

ಕೊಳ್ಳೋವಾಗ ಅಂಗಡಿಯವ್ರ ಹತ್ರ ಮೀನಿಗೆ ಊಟ ಹಾಕಿ ತೋರ್ಸಿ ಅಂತ ಕೇಳಿ, ನಾಚಿಕೆ ಬೇಡ. ಆರೋಗ್ಯವಾಗಿರೋ ಹಾಕ್‌ಫಿಶ್ ಊಟ ನೀರಿಗೆ ಬಿದ್ದ ತಕ್ಷಣ ಕಣ್ಣು ತಿರುಗಿಸುತ್ತೆ. ಹೊಟ್ಟೆ ಒಳಗೆ ಹೋಗಿರಬಾರ್ದು, ಕಣ್ಣು ತಿಳಿಯಾಗಿರ್ಬೇಕು, ಬಾಯಿ ಸುತ್ತ ಗಾಯ ಇರ್ಬಾರ್ದು. ಎಲ್ಲಿಂದ ಬಂದಿದ್ದು, ಹೇಗೆ ಹಿಡಿದಿದ್ದು ಅನ್ನೋದನ್ನೂ ಕೇಳಿ, ಹವಳದ ಸಂದಿಗೆ ನುಗ್ಗಿ ಕೂರೋ ಮೀನುಗಳನ್ನ ಹೊರಗೆ ಎಳೆಯೋಕೆ ಕೆಲವು ಕಡೆ ಸೈನೈಡ್ ಪಿಚಕಾರಿ ಹೊಡೆಯೋ ಕೆಟ್ಟ ಪದ್ಧತಿ ಇನ್ನೂ ಇದೆ, ಅಂಥ ಮೀನು ತಂದ ಮೇಲೆ ಚೆನ್ನಾಗೇ ತಿಂತಾ ಇದ್ದು ಕೆಲವೇ ವಾರದಲ್ಲಿ ಸಾಯ್ಬಹುದು, ಹವಳಾನೂ ಸಾಯುತ್ತೆ.

ಮನೆಗೆ ತಂದ ಮೇಲೆ ಮೀನಿರೋ ನೀರಿಗೆ ಟ್ಯಾಂಕ್ ನೀರನ್ನ ತೊಟ್ಟು ತೊಟ್ಟಾಗಿ ಬಿಡ್ತಾ ಗಂಟೆಗಟ್ಟಲೆ ಡ್ರಿಪ್ ಹಾಕ್ಕೊಂಡು ಕೂರೋ ಅಭ್ಯಾಸ ಇದೆಯಲ್ಲ, ದೂರದಿಂದ ಪ್ಯಾಕ್ ಆಗಿ ಬಂದ ಮೀನಿಗೆ ಅದು ಅಪಾಯ. ಕವರ್ ಒಳಗೆ ಮೀನು ಉಸಿರಾಡಿ ಕಾರ್ಬನ್ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತೆ, ಪಿಎಚ್ ಕಮ್ಮಿ ಇರೋ ತನಕ ಅಲ್ಲಿರೋ ಅಮೋನಿಯಾ ಅಷ್ಟು ವಿಷ ಅಲ್ಲ. ಕವರ್ ಬಿಚ್ಚಿದ್ರಿ ಅಂದ್ರೆ ಆ ಗ್ಯಾಸ್ ಹೊರಗೆ ಹೋಗಿ ಪಿಎಚ್ ಏರುತ್ತೆ, ಅದೇ ಅಮೋನಿಯಾ ಈಗ ವಿಷ ಆಗಿ ಕಿವಿರು ಸುಡುತ್ತೆ. ಅದಕ್ಕೇ ಮೊದ್ಲೇ ಫೋನ್ ಮಾಡಿ ಅವ್ರ ನೀರಿನ ಉಪ್ಪಿನ ಮಟ್ಟ ಕೇಳಿ ಕ್ವಾರಂಟೈನ್ ಟ್ಯಾಂಕಿನ ಮಟ್ಟ ಅಷ್ಟಕ್ಕೇ ಇಟ್ಕೊಳ್ಳಿ, ಕವರ್ ಬಿಚ್ಚದೆ ಹದಿನೈದಿಪ್ಪತ್ತು ನಿಮಿಷ ತೇಲಿಸಿ, ಟೆಂಪರೇಚರ್ ಸರಿಹೋದ್ಮೇಲೆ ಬಿಚ್ಚಿ ಮೀನು ಮಾತ್ರ ಬಿಡಿ, ಕವರ್ ನೀರು ಚೆಲ್ಲಿ. ಕ್ವಾರಂಟೈನ್ ಟ್ಯಾಂಕಲ್ಲಿ ಏನೂ ಇಲ್ದಿದ್ರೆ ಮೀನು ಮೂಲೇಲಿ ತಳಕ್ಕೆ ಅಂಟಿ ಕೂತು ಗಾಬರಿ ಪಡುತ್ತೆ, ಒಂದೆರಡು ಪಿವಿಸಿ ಪೈಪಿನ ಎಲ್ಬೋ ಹಾಕಿ ಸಾಕು, ಐದು ನಿಮಿಷದಲ್ಲಿ ಅದರ ಮೇಲೆ ಹತ್ತಿ ಕೂತಿರುತ್ತೆ. ನಾಲ್ಕರಿಂದ ಆರು ವಾರ ಅಲ್ಲೇ ಇರ್ಲಿ.

ಊಟ ಕೊಡೋದು ಮಜಾ. ಫ್ರೋಜನ್ ಮೈಸಿಸ್, ಕ್ರಿಲ್ (ಎರಡೂ ಸೀಗಡಿ ಥರದ ಪುಟ್ಟ ಜೀವಿ), ಸಣ್ಣಗೆ ಹೆಚ್ಚಿದ ಸೀಗಡಿ, ಮಾಂಸಾಹಾರಿ ಮೀನುಗಳ ಪೆಲೆಟ್, ಬದಲಾಯಿಸಿ ಬದಲಾಯಿಸಿ ಕೊಡಿ, ದಿನಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ. ತುಂಡು ಕಣ್ಣಿಗಿಂತ ಸ್ವಲ್ಪ ದೊಡ್ಡದಿದ್ರೆ ಸಾಕು, ಲಾಂಗ್‌ನೋಸ್‌ಗೆ ಇನ್ನೂ ಚಿಕ್ಕದು. ಫ್ರೋಜನ್ ಕ್ಯೂಬನ್ನ ಟ್ಯಾಂಕ್ ನೀರಲ್ಲಿ ಕರಗಿಸಿ ಜರಡಿ ಹಿಡಿದು ಕೊಟ್ರೆ ನೀರು ಕಮ್ಮಿ ಕೆಡುತ್ತೆ. ಬರೀ ಒಂದೇ ಥರ ಊಟ ಹಾಕ್ತಾ ಹೋದ್ರೆ ಫ್ಲೇಮ್‌ನ ಕೆಂಪು ನಿಧಾನಕ್ಕೆ ಪೇಲವ ಆಗುತ್ತೆ, ಆ ಬಣ್ಣ ಸೀಗಡಿ, ಕ್ರಿಲ್‌ನಂಥ ಊಟದಲ್ಲಿರೋ ಕ್ಯಾರೊಟಿನಾಯ್ಡ್ ಅನ್ನೋ ಬಣ್ಣದ ಅಂಶದಿಂದಾನೇ ಬರ್ಬೇಕು, ಮೈ ತಾನಾಗೇ ತಯಾರು ಮಾಡ್ಕೊಳ್ಳಲ್ಲ. ಬೇಟೆ ನೋಡೋಣ ಅಂತ ಗೋಲ್ಡ್‌ಫಿಶ್ ಮರಿ ತಂದು ಬಿಡೋರು ಇದ್ದಾರೆ, ಮಾಡ್ಬೇಡಿ, ಸಿಹಿನೀರಿನ ಮೀನಿನ ಕೊಬ್ಬು ಸಮುದ್ರದ ಮೀನಿಗೆ ಒಗ್ಗಲ್ಲ, ಜೊತೆಗೆ ಗೋಲ್ಡ್‌ಫಿಶ್‌ನಲ್ಲಿರೋ ಥಯಾಮಿನೇಸ್ ಅನ್ನೋದು ವಿಟಮಿನ್ ಬಿ1 ನಾಶ ಮಾಡುತ್ತೆ. ಬೇಟೆ ನೋಡೋ ಆಸೆ ಇದ್ರೆ ಮೈಸಿಸನ್ನ ಪಂಪಿನ ಹರಿವಿಗೆ ಬಿಡಿ, ತೇಲ್ಕೊಂಡು ಹೋಗೋ ತುಂಡನ್ನ ಜೀವಂತ ಅನ್ಕೊಂಡೇ ಚಿಮ್ಮಿ ಹಿಡಿಯುತ್ತೆ. ಸ್ವಲ್ಪ ದಿನದಲ್ಲಿ ನೀವು ಟ್ಯಾಂಕ್ ಹತ್ರ ಬಂದ್ರೆ ಸಾಕು, ಮುಂದಿನ ಸೀಟಿಗೆ ಬಂದು ಕೂತಿರುತ್ತೆ. ಒಂದೇ ತೊಂದ್ರೆ, ಬೇರೆ ಮೀನಿನ ಪಾಲೂ ತಾನೇ ಹೊಡೀತದೆ, ಅದಕ್ಕೆ ಮೊದ್ಲು ಇದಕ್ಕೊಂದೆರಡು ದೊಡ್ಡ ತುಂಡು ಕೊಟ್ಟು ಬಾಯಿ ಮುಚ್ಚಿಸಿ, ಆಮೇಲೆ ಉಳಿದವ್ರಿಗೆ ಹಾಕಿ.

ಕಾಯಿಲೆ ಗುರುತಿಸೋದು ಈ ಮೀನಲ್ಲಿ ಸ್ವಲ್ಪ ಟ್ರಿಕಿ. ಬೇರೆ ಮೀನು ತಳದಲ್ಲಿ ಕೂತ್ರೆ ಏನೋ ಆಗಿದೆ ಅಂತ ಗೊತ್ತಾಗುತ್ತೆ, ಇದು ಕೂತೇ ಇರೋದಲ್ವಾ. ಹಾಗಾಗಿ ಚೆನ್ನಾಗಿರುವಾಗಲೇ ಕಿವಿರು ನಿಮಿಷಕ್ಕೆ ಎಷ್ಟು ಸಲ ಆಡುತ್ತೆ ಅಂತ ಎಣಿಸಿ ಬರೆದಿಟ್ಕೊಳ್ಳಿ, ಅದು ದಿಢೀರ್ ಜಾಸ್ತಿ ಆದ್ರೆ ಅನುಮಾನ ಪಡಿ. ಕಣ್ಣು ಊಟದ ಹಿಂದೆ ತಿರುಗದೇ ಇರೋದು, ಕಾಯಂ ಸೀಟುಗಳನ್ನ ಬಿಟ್ಟು ಪಂಪಿನ ಬಾಯಿ ಹತ್ರಾನೇ ಇರೋದು, ಕಲ್ಲಿಗೆ ಮೈ ಉಜ್ಜೋದು, ಇವೆಲ್ಲ ಕೆಟ್ಟ ಲಕ್ಷಣ. ಮೈ ಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಬಂದ್ರೆ ಮೆರೈನ್ ಇಕ್, ಕ್ರಿಪ್ಟೋಕಾರಿಯಾನ್ ಅನ್ನೋ ಪರಜೀವಿ. ಚುಕ್ಕೆ ಎರಡು ದಿನಕ್ಕೆ ಉದುರಿ ಹೋಯ್ತು ವಾಸಿ ಆಯ್ತು ಅಂತ ಕೈ ತೊಳ್ಕೋಬೇಡಿ, ಅದು ಮರಳಿಗೆ ಇಳಿದು ಮರಿ ಮಾಡ್ತಿರುತ್ತೆ, ಮತ್ತೆ ಹತ್ತು ಪಟ್ಟು ಆಗಿ ಬರುತ್ತೆ. ಎಲ್ಲಾ ಮೀನೂ ಎತ್ತಿ ಬೇರೆ ಟ್ಯಾಂಕಲ್ಲಿ ತಾಮ್ರದ ಔಷಧಿ ಕೊಡ್ಬೇಕು, ಟೆಸ್ಟ್ ಕಿಟ್ ಇಟ್ಕೊಂಡು ಬಾಟ್ಲಿ ಮೇಲೆ ಬರೆದಿರೋ ಮಟ್ಟ ಮೀರದ ಹಾಗೆ. ಮೇನ್ ಟ್ಯಾಂಕಿಗೆ ತಾಮ್ರ ಸುರಿದ್ರೆ ಹವಳ, ಸೀಗಡಿ, ಬಸವನಹುಳು ಎಲ್ಲಾ ಮುಗೀತು, ಕಲ್ಲೂ ಅದನ್ನ ಹೀರ್ಕೊಂಡು ಕೂರುತ್ತೆ. ಅಂಟೋಕೆ ಮೀನು ಸಿಗದೆ ಪರಜೀವಿ ಸಾಯ್ಲಿ ಅಂತ ಮೇನ್ ಟ್ಯಾಂಕನ್ನ ಮೀನಿಲ್ದೆ ಖಾಲಿ ಬಿಡೋಕೆ ಹವ್ಯಾಸಿಗಳು 76 ದಿನದ ಲೆಕ್ಕ ಇಟ್ಕೊಂಡಿದ್ದಾರೆ, ಬೇಜಾರಾದ್ರೂ ಪಾಲಿಸಿ.

ಜೋಡಿ ಸಾಕ್ಬೇಕು ಅನ್ನೋರಿಗೆ ಒಂದು ಮಾತು. ಕಡಲಲ್ಲಿ ಒಂದು ಗಂಡು, ಅದರ ಇಲಾಕೆಯೊಳಗೆ ಹಲವು ಹೆಣ್ಣು, ಹೀಗೆ ಇವುಗಳ ಸಂಸಾರ, ಮುಸ್ಸಂಜೆ ಹೊತ್ತಿಗೆ ಗಂಡು ಒಂದೊಂದೇ ಹೆಣ್ಣಿನ ಜೊತೆ ಮೇಲಕ್ಕೆ ಚಿಮ್ಮಿ ಮೊಟ್ಟೆ ಬಿಡ್ತವೆ, ಮೊಟ್ಟೆ ನೀರಿನಲ್ಲಿ ತೇಲ್ಕೊಂಡು ಹೋಗುತ್ತೆ, ಕಾವಲು ಗೀವಲು ಏನಿಲ್ಲ. ಮರಿಗಳು ಹೆಣ್ಣಾಗಿ ಬೆಳೆದು, ಗಂಡು ಇಲ್ಲದಾದಾಗ ದೊಡ್ಡ ಹೆಣ್ಣು ಗಂಡಾಗುತ್ತೆ. ಫಾಲ್ಕೊದಲ್ಲಿ ಇನ್ನೂ ವಿಚಿತ್ರ, ಗಂಡಾಗಿದ್ದು ತನಗಿಂತ ದೊಡ್ಡ ಗಂಡಿನ ಕೆಳಗೆ ಬಿದ್ರೆ ವಾಪಸ್ ಹೆಣ್ಣಾಗೋದನ್ನ ಜಪಾನಿನ ಕಡಲಲ್ಲಿ ಸಂಶೋಧಕರು ನೋಡಿದ್ದಾರೆ. ಆದ್ರೆ ಅದನ್ನ ನಂಬ್ಕೊಂಡು ಬೆಳೆದ ಎರಡು ಮೀನು ಒಂದೇ ಟ್ಯಾಂಕಿಗೆ ಹಾಕಿದ್ರೆ ಲಿಂಗ ಬದಲಾಗೋ ಮುಂಚೆ ಒಂದು ಸತ್ತಿರುತ್ತೆ. ಬೇಕೇ ಬೇಕು ಅಂದ್ರೆ ದೊಡ್ಡ ಟ್ಯಾಂಕಿಗೆ ಒಂದು ತೀರಾ ಮರಿ, ಇನ್ನೊಂದು ಅದಕ್ಕಿಂತ ಎದ್ದು ಕಾಣೋಷ್ಟು ದೊಡ್ಡದು, ಎರಡನ್ನೂ ಒಂದೇ ದಿನ ಬಿಡಿ, ಜಗಳ ಆದ್ರೆ ಮಧ್ಯೆ ಇಟ್ಟು ಬೇರೆ ಮಾಡೋಕೆ ತೂತು ತೂತಿರೋ ಅಡ್ಡ ಪ್ಲೇಟ್ ರೆಡಿ ಇಟ್ಕೊಳ್ಳಿ. ಇಲ್ಲಾಂದ್ರೆ ಒಂದೇ ಸಾಕು, ಒಂಟಿತನದಿಂದ ಅದು ಕೊರಗಲ್ಲ.

ಯಾವತ್ತಾದ್ರೂ ಟ್ಯಾಂಕಿಂದ ಹೊರಗೆ ತೆಗೀಬೇಕಾದ್ರೆ ಬಲೆ ಬೀಸ್ಕೊಂಡು ಅಟ್ಟಿಸ್ಬೇಡಿ. ಒಂದೇ ಏಟಿಗೆ ಕಲ್ಲಿನ ಸಂದಿಗೆ ನುಗ್ಗಿ ರೆಕ್ಕೆ ಅಗಲ ಮಾಡಿ ಸಿಕ್ಕಾಕೊಂಡು ಕೂರುತ್ತೆ, ಆಮೇಲೆ ನೀವು ಇಡೀ ಕಲ್ಲೇ ಎತ್ಬೇಕು. ಬಲೇಲಿ ಬಿದ್ರೂ ಬೆನ್ನಿನ ಮುಳ್ಳು ದಾರಕ್ಕೆ ತೊಡರ್ಕೊಂಡು ರೆಕ್ಕೆ ಹರಿಯುತ್ತೆ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಒಂದನ್ನ ಅದು ದಿನಾ ಕೂರೋ ಜಾಗದ ಪಕ್ಕದಲ್ಲಿ ಅಡ್ಡ ಇಡಿ, ಒಂದೆರಡು ದಿನ ಸುಮ್ನೆ ಬಿಡಿ, ಅದರ ಮೇಲೂ ಕೂರೋಕೆ ಶುರು ಮಾಡುತ್ತೆ, ಆಮೇಲೆ ಊಟ ಡಬ್ಬಿ ಒಳಗೇ ಪೈಪೆಟ್‌ನಲ್ಲಿ ಬಿಡಿ. ಒಳಗೆ ಹೋದಾಗ ಡಬ್ಬಿ ಬಾಯಿಗೆ ಕೈ ಅಡ್ಡ ಹಿಡಿದು ನೀರಿನ ಸಮೇತ ಎತ್ತಿ, ಎತ್ತಿದ ತಕ್ಷಣ ಮುಚ್ಚಳ ಹಾಕಿ, ಅಲ್ಲಿಂದಾನೂ ಹಾರುತ್ತೆ ಅದು.